ನೀರಿನ ಲೆಕ್ಕ 16777216ಕ್ಕೆ ನಿಂತಾಗ: ನಾಲ್ಕು ಬೈಟ್ ಓದಿದ ನನ್ನ ಅನುಭವ

ಮೊದಲು ರೊಕ್ಕದ ಮಾತು. ತಿಂಗಳಿಗೆ ಹದಿನೆಂಟು ಸಾವಿರದ ಆಸುಪಾಸು ಖರ್ಚು ಬೀಳುವ ಪಂಪ್ ಅದು. ಐದು ಮನೆಯವರು ಹಂಚಿಕೊಳ್ಳುತ್ತಾರೆ. ನಾನು ಮಾಡಿಕೊಟ್ಟ ನೀರು ಅಳೆಯುವ ಪೆಟ್ಟಿಗೆ ಆ ಫೆಬ್ರುವರಿಯಲ್ಲಿ ಐದೂ ಮನೆಗೆ ಸೇರಿ ತೋರಿಸಿದ ಬಿಲ್ಲು ಒಂದು ಲಕ್ಷ ಹತ್ತು ಸಾವಿರ ಚಿಲ್ಲರೆ. ಮಾರನೇ ದಿನ ಮುಂಜಾನೆ ನಾನು ಅಂಗಡಿ ಬಾಗಿಲು ತೆಗೆಯುವ ಮೊದಲೇ ಐವರಲ್ಲಿ ಹಿರಿಯರಾದ ಕಾಕಾ ಕಟ್ಟೆಯ ಮೇಲೆ ಕೂತಿದ್ದರು.

"ನೀರ ಕೊಡಾಕಿ ಕೃಷ್ಣಾ ಹೊಳಿ. ರೊಕ್ಕ ಕೇಳಾಂವ ನೀ ಯಾರೋ ತಮ್ಮಾ?"

ಏನು ಹೇಳಲಿ? ಚಾ ತರಿಸಿದೆ. ಕುಡಿಯಲಿಲ್ಲ.

ಜಮಖಂಡಿಯಲ್ಲಿ ನನ್ನದು ಮೋಟರ್ ರಿವೈಂಡಿಂಗ್ ಅಂಗಡಿ. ಸಿ ಭಾಷೆಯಲ್ಲಿ ಪ್ರೋಗ್ರಾಮ್ ಬರೆಯುವುದು ಡಿಪ್ಲೊಮಾದಲ್ಲಿ ಹತ್ತಿದ ಚಟ, ಇನ್ನೂ ಬಿಟ್ಟಿಲ್ಲ. ನಮ್ಮ ಸೀಮೆಯಲ್ಲಿ ನೀರಿನ ಲೆಕ್ಕ ಅಂದರೆ ಹುಡುಗಾಟ ಅಲ್ಲ. 1989ರಲ್ಲಿ ರೈತರೇ ರೊಕ್ಕ ಹಾಕಿ, ಮೈಮುರಿದು ದುಡಿದು ಚಿಕ್ಕಪಡಸಲಗಿ ಬ್ಯಾರೇಜ್ ಕಟ್ಟಿದ ಜಾಗ ಇದು. ಯಾರ ಪಾಳಿ, ಎಷ್ಟು ತಾಸು ಅನ್ನುವುದಕ್ಕೆ ಅಣ್ಣತಮ್ಮಂದಿರ ನಡುವೆ ಮಾತು ನಿಂತುಹೋದ ಮನೆಗಳು ಎಷ್ಟು ಬೇಕು. ಅದಕ್ಕೇ ಈ ಐದು ಮನೆಯವರು ತಾಸಿನ ಲೆಕ್ಕ ಬಿಟ್ಟು ಲೀಟರ್ ಲೆಕ್ಕ ಬೇಕು ಅಂದಾಗ ನಾನು ಹಿಗ್ಗಿ ಒಪ್ಪಿಕೊಂಡೆ.

ಪೆಟ್ಟಿಗೆಯಲ್ಲಿ ದೊಡ್ಡದೇನೂ ಇಲ್ಲ. ಎಟಿಮೆಗಾ 328 ಅನ್ನುವ ಸಣ್ಣ ಚಿಪ್ ಇರುವ ಆರ್ಡುಯಿನೊ ಬೋರ್ಡು, ಎರಡು ಸಾಲಿನ ಎಲ್‌ಸಿಡಿ, ಐದು ಮನೆಗೆ ಐದು ಬಟನ್. ಪಾಳಿ ಬಂದವರ ಬಟನ್ ಒತ್ತಿದರೆ ಅವರ ಖಾತೆಗೆ ಲೀಟರ್ ಏರುತ್ತದೆ, ಜೊತೆಗೆ ಒಟ್ಟು ಖಾತೆಯೂ ಏರುತ್ತದೆ. ಗುಜರಿಯಲ್ಲಿ ಒಂಬತ್ತು ಸಾವಿರಕ್ಕೆ ಸಿಕ್ಕ ಮ್ಯಾಗ್ನೆಟಿಕ್ ಫ್ಲೋಮೀಟರ್, ಲೀಟರಿಗೆ ಒಂದು ಪಲ್ಸ್, ಅಂದರೆ ಕರೆಂಟಿನ ಒಂದು ಮಿಡಿತ, ಕೊಡುವಂತೆ ಸೆಟ್ ಮಾಡಿದ್ದೆ. ಪಂಪ್ ಕಾಯುವವನ ಪಗಾರ, ಪೈಪಿನ ಸಾಲದ ಕಂತು, ರಿಪೇರಿ ಎಲ್ಲ ಸೇರಿಸಿ ತಿಂಗಳ ಒಟ್ಟು ಲೀಟರಿನಿಂದ ಭಾಗಿಸಿದರೆ ಲೀಟರಿನ ದರ. ಅದನ್ನು ಅವರವರ ಲೀಟರಿಗೆ ಗುಣಿಸಿದರೆ ಬಿಲ್ಲು. ಆರೂ ಖಾತೆ ಫ್ಲೋಟ್, ಅಂದರೆ ಬಿಂದು ಇರುವ ಅಂಕಿ ಹಿಡಿಯುವ ನಾಲ್ಕು ಬೈಟಿನ ಚೀಲ (ಬೈಟ್ ಅಂದರೆ ಎಂಟು ಬಿಟ್, ಬಿಟ್ ಅಂದರೆ ಒಂದು 0 ಅಥವಾ 1). ಯಾಕೆ ಫ್ಲೋಟ್ ಅಂದರೆ, ಸುಮ್ನೆ. ಹಳೆಯ ಪ್ರೋಗ್ರಾಮ್‌ನಲ್ಲಿ ನೀರಿನ ವೇಗಕ್ಕೆ ಫ್ಲೋಟ್ ಇತ್ತು, ಅದನ್ನೇ ಕೆಳಗೆ ಎಳೆದುಕೊಂಡೆ. ನೀವೂ ಹೀಗೆ ಮಾಡಿರುತ್ತೀರಿ, ಅಲ್ವಾ?

ಡಿಸೆಂಬರ್ ಚೆನ್ನಾಗಿ ಹೋಯಿತು. ಜನವರಿಯೂ ಹೋಯಿತು. ಫೆಬ್ರುವರಿ ಮೊದಲ ವಾರದಲ್ಲಿ ಒಟ್ಟು ಖಾತೆ ನಿಂತುಬಿಟ್ಟಿತ್ತು. ಐದು ಮನೆಗಳ ಖಾತೆ ಮಾತ್ರ ಓಡುತ್ತಲೇ ಇದ್ದವು. ಭಾಗಿಸುವ ಆ ತಿಂಗಳ ಒಟ್ಟು ಸಣ್ಣದಾಯಿತು, ದರ ಆರು ಪಟ್ಟು ಏರಿತು. ಯಾರೂ ಗಮನಿಸಲಿಲ್ಲ, ನಾನಂತೂ ಆ ಕಡೆ ಹೋಗಿರಲೇ ಇಲ್ಲ.

ಮೊದಲು ನನ್ನ ಅನುಮಾನ ವೈರಿನ ಮೇಲೆ. ಪಂಪ್ ಮನೆಯಲ್ಲಿ ಇಲಿ ಜಾಸ್ತಿ. ಸ್ಟಾರ್ಟರ್ ಬಡಿದಾಗ ಪಲ್ಸ್ ಕಳೆದುಹೋಗುತ್ತಿದೆ ಅಂತಲೂ ಅಂದುಕೊಂಡೆ. ನೂರು ಮೀಟರ್ ಶೀಲ್ಡ್ ಕೇಬಲ್ ತಂದು ಎಳೆದೆ, ಮೂರೂವರೆ ಸಾವಿರ ಹೋಯಿತು. ಬದಲಾಗಲಿಲ್ಲ. ಬೋರ್ಡು ಬದಲಿಸಿದೆ, ಖಾತೆಗಳ ಅಂಕಿ ಕೈಯಿಂದ ತುಂಬಿದೆ. ಒಟ್ಟು ಅಲ್ಲೇ ನಿಂತಿತು. ಇನ್ನೊಂದು ಬೋರ್ಡು. ಅದೇ ಕತೆ. ಎರಡಕ್ಕೂ ಸೇರಿ ಸಾವಿರದ ಮೇಲೆ. ಇಲ್ಲಿ ಬುದ್ಧಿ ಬರಬೇಕಿತ್ತು: ಪಲ್ಸ್ ಕಳೆದಿದ್ದರೆ ಮನೆಗಳ ಖಾತೆಯೂ ನಿಲ್ಲಬೇಕು. ಎರಡೂ ಪಲ್ಸ್ ಬಂದ ಕೂಡಲೇ ಚಿಪ್ ಕೈಯ ಕೆಲಸ ಬಿಟ್ಟು ಓಡಿಸುವ ಒಂದೇ ಇಂಟರಪ್ಟ್‌ನಲ್ಲಿ ಏರುತ್ತವೆ. ಬರಲಿಲ್ಲ, ಏನು ಮಾಡುವುದು.

ಬೆಳಗಾವಿಯಲ್ಲಿ ಒಬ್ಬ ಗೆಳೆಯ ಇದ್ದಾನೆ, ನನಗಿಂತ ಜಾಸ್ತಿ ಓದಿದವನು. ಫೋನಿನಲ್ಲಿ ಕೇಳಿದೆ. "ಫ್ಲೋಟ್ ತೆಗೆದು ಡಬಲ್ ಹಾಕೋ, ಮುಗೀತು" ಅಂದ. ಡಬಲ್ ಅಂದರೆ ಎಂಟು ಬೈಟಿನ ದೊಡ್ಡ ಫ್ಲೋಟ್. ಲ್ಯಾಪ್‌ಟಾಪ್‌ನಲ್ಲಿ ಡಬಲ್ ಹಾಕಿ ಎರಡು ಕೋಟಿ ಸಲ ಒಂದೊಂದೇ ಕೂಡಿಸಿ ನೋಡಿದೆ. ಸರಿಯಾಗಿ ಎರಡು ಕೋಟಿ ಬಂತು. ಖುಷಿಯಿಂದ ಬೈಕ್ ಹತ್ತಿ ಹೋಗಿ ಬೋರ್ಡಿಗೆ ತುಂಬಿದೆ. ಎದುರಿಗೆ ಐದೂ ಮನೆಯವರು ನಿಂತಿದ್ದಾರೆ. ಪಂಪ್ ಹಾಕಿದರು. ಒಟ್ಟು ಖಾತೆ ಕದಲಲಿಲ್ಲ. ಕಾಕಾ ಏನೂ ಅನ್ನಲಿಲ್ಲ, ತಂಬಾಕು ತಿಕ್ಕುತ್ತಾ ಹೊಳೆ ಕಡೆ ನೋಡಿದರು. ಬೈದಿದ್ದರೆ ಚೆನ್ನಾಗಿತ್ತು.

ಕಾರಣ ಆ ರಾತ್ರಿ ಸಿಕ್ಕಿತು. ಬೋರ್ಡಿನಲ್ಲಿ ಡಬಲ್‌ಗೆ ಸೈಜ್‌ಆಫ್ ಹಾಕಿ, ಅಂದರೆ ಎಷ್ಟು ಬೈಟ್ ಹಿಡಿಯುತ್ತದೆ ಅಂತ ಕೇಳಿ, ಪ್ರಿಂಟ್ ಮಾಡಿದೆ. 8 ಬರಬೇಕು, 4 ಬಂತು. ಪ್ರೋಗ್ರಾಮನ್ನು ಚಿಪ್ಪಿನ ಭಾಷೆಗೆ ತಿರುಗಿಸುವುದು ಕಂಪೈಲರ್. ಎಟಿಮೆಗಾದಂಥ ಈ ಸಣ್ಣ ಎವಿಆರ್ ಚಿಪ್‌ಗಳ ಕಂಪೈಲರ್‌ನಲ್ಲಿ ಡಬಲ್ ಅಂದರೂ ಫ್ಲೋಟೇ. ಹೆಸರು ದೊಡ್ಡದು, ಚೀಲ ಅಷ್ಟೇ. ಆ ಕಂಪೈಲರ್, ಜಿಸಿಸಿ, ಅದರ 10ನೇ ಆವೃತ್ತಿಯಿಂದ ಎಂಟು ಬೈಟಿನ ಡಬಲ್‌ಗೆ ಆಯ್ಕೆ ಕೊಟ್ಟಿದ್ದಾರೆ, ನನ್ನ ಹತ್ತಿರ ಇದ್ದದ್ದು ಅದಕ್ಕಿಂತ ಹಳೆಯದು.

ಗೆಳೆಯನಿಗೆ ಮತ್ತೆ ಫೋನ್ ಮಾಡಿ, ಮೆಮರಿಯಲ್ಲಿ ಏನು ಕೂತಿದೆ ಅಂತ ಬೈಟ್ ಬೈಟ್ ತೆಗೆದು ನೋಡುತ್ತೇನೆ ಅಂದೆ. ನಕ್ಕ. "ಈಗಿನ ಕಾಲದಾಗ ಬೈಟ್ ಯಾರ್ ನೋಡ್ತಾರೋ, ಎಲ್ಲಾ ರೀಸೆಟ್ ಮಾಡಿ ಸೊನ್ನೆಯಿಂದ ಚಾಲೂ ಮಾಡು." ಸೊನ್ನೆಯಿಂದ ಶುರು ಮಾಡಿದರೆ ಐದು ಮನೆಗೆ ನಾನು ಕಳ್ಳ. ಇವನಿಗೆ ಅದೆಲ್ಲಿ ಗೊತ್ತಾಗಬೇಕು.

ಅನ್‌ಸೈನ್ಡ್ ಕ್ಯಾರ್ ಪಾಯಿಂಟರ್ ಒಂದನ್ನು, ಅಂದರೆ ಮೆಮರಿಯನ್ನು ಒಂದೊಂದೇ ಬೈಟಾಗಿ ತೋರಿಸುವ ಬೆರಳನ್ನು, ಫ್ಲೋಟಿನ ವಿಳಾಸಕ್ಕೆ ಹಚ್ಚಿ ನಾಲ್ಕು ಬೈಟ್ ಪ್ರಿಂಟ್ ಮಾಡುವ ಐದು ಸಾಲು ಬರೆದೆ. ಲಾಂಗ್ ಪಾಯಿಂಟರ್ ಹಚ್ಚಿ ನಾಲ್ಕೂ ಬೈಟ್ ಒಂದೇ ಏಟಿಗೆ ಓದುವವರಿದ್ದಾರೆ. ವೇಗಕ್ಕೆ ಅಂತ ಆಪ್ಟಿಮೈಸೇಶನ್ ಏರಿಸಿದಾಗ ಕಂಪೈಲರ್ ಆಟ ಆಡಿಸುತ್ತದೆ, ಬೇಡ. ಮೆಮ್‌ಕಾಪಿ ಹಾಕಿ ಬೈಟುಗಳನ್ನು ನಕಲು ಮಾಡಿಕೊಂಡರೆ ಪರವಾಗಿಲ್ಲ. ಹೆಕ್ಸ್, ಅಂದರೆ ಹದಿನಾರರ ಲೆಕ್ಕ, ನನಗೆ ಅಷ್ಟಕ್ಕಷ್ಟೇ, ಬೈಟುಗಳನ್ನು 0ಯಿಂದ 255ರವರೆಗಿನ ಅಂಕಿಯಾಗಿಯೇ ನೋಡುತ್ತೇನೆ.

ಪರೀಕ್ಷೆಗೆ 12.5 ಹಾಕಿದೆ. ಬಂದದ್ದು 0 0 72 65. ಅದನ್ನು ಬರೆದ ಕ್ರಮದಲ್ಲೇ ಓದಿ ಒಂದು ತಾಸು ತಲೆ ಕೆಡಿಸಿಕೊಂಡೆ. ಹಾಗೆ ಓದಿದರೆ ಅದು ಬಿಂದುವಿನ ನಂತರ ನಲವತ್ತು ಸೊನ್ನೆ ಇರುವ ಅಂಕಿ! ಈ ಚಿಪ್ ಲಿಟಲ್ ಎಂಡಿಯನ್, ದೊಡ್ಡ ಬೈಟ್ ಕೊನೆಗೆ ಕೂರುತ್ತದೆ. ಬಲದಿಂದ ಎಡಕ್ಕೆ ಓದಬೇಕು: 65, 72, 0, 0. ಬಿಟ್ ಮಾಡಿದರೆ ಮೊದಲು 0, ಅದು ಚಿಹ್ನೆ. ಆಮೇಲೆ 10000010, ಅಂದರೆ 130. ಇದು ಘಾತ, 127 ಸೇರಿಸಿಯೇ ಇಟ್ಟಿರುತ್ತದೆ. ಅದರಿಂದ 127 ಕಳೆದರೆ 3. ಉಳಿದದ್ದು 1001 ಮತ್ತು ಸೊನ್ನೆಗಳು. ಎದುರಿಗೆ ಕಾಣದ 1 ಸೇರಿಸಿ 1.1001, ಬಿಂದುವನ್ನು ಮೂರು ಮನೆ ಸರಿಸಿದರೆ 1100.1. ಹನ್ನೆರಡೂವರೆ. ಪರೀಕ್ಷೆಗೆ ಬಾಯಿಪಾಠ ಮಾಡಿದ್ದು ಕಣ್ಣೆದುರು ಬಂದಾಗ ಬೇರೆಯೇ ಮಜಾ.

ಈಗ ನಿಂತ ಖಾತೆ. 0 0 128 75. ಇದು 16777216. ಎರಡರ ಇಪ್ಪತ್ತನಾಲ್ಕನೇ ಘಾತ. ಒಂದು ಕಡಿಮೆ ಮಾಡಿ ನೋಡಿದೆ: 255 255 127 75. ಒಂದು ಕೂಡಿಸಿದೆ: 0 0 128 75. ಇನ್ನೊಂದು ಕೂಡಿಸಿದೆ: 0 0 128 75. ಮತ್ತೊಂದು, ಅದೇ. ಹೊಟ್ಟೆ ತುಂಬಿದ ಎಮ್ಮೆ, ಎಳೆದರೂ ಏಳುವುದಿಲ್ಲ. 23 ಬಿಟ್ ಕಾಣುವವು, ಒಂದು ಕಾಣದ್ದು, ಒಟ್ಟು 24 ಬಿಟ್. 16777217 ಬರೆಯಲು 25 ಬೇಕು. ಜಾಗ ಇಲ್ಲ, ಹತ್ತಿರದ ಸಮ (ಕೊನೆಯ ಬಿಟ್ 0 ಇರುವ) ಮನೆಗೆ ವಾಪಸ್ ಕಳಿಸುತ್ತದೆ.

ಲೆಕ್ಕ ಹಾಕಿದರೆ ದಿನವೂ ಸರಿಹೊಂದಿತು. ಪಂಪ್ ಸೆಕೆಂಡಿಗೆ ಹತ್ತು ಲೀಟರ್ ಎತ್ತುತ್ತದೆ, ತಾಸಿಗೆ 36,000. ತ್ರೀ ಫೇಸ್ ದಿನಕ್ಕೆ ಏಳು ತಾಸು. 16777216 ಮುಟ್ಟಲು 66 ದಿನ ಚಿಲ್ಲರೆ. ಡಿಸೆಂಬರ್ ಒಂದರಿಂದ ಎಣಿಸಿ.

ಅಲ್ಲಿಗೆ ಬಿಡಲಿಲ್ಲ. ಆ ರಾತ್ರಿ ಎರಡು ಗಂಟೆವರೆಗೆ ಆಟ ಆಡಿದೆ. ಲ್ಯಾಪ್‌ಟಾಪ್‌ನಲ್ಲಿ 16777216ಕ್ಕೆ ಎರಡು ಕೂಡಿಸಿದರೆ ಕೂಡುತ್ತದೆ, 1 0 128 75. ಮೂರು ಕೂಡಿಸಿದರೆ? 2 0 128 75, ಅಂದರೆ 16777220. ಮೂರು ಹಾಕಿದರೆ ನಾಲ್ಕು! ಈ ಲೆಕ್ಕದಲ್ಲಿ ಬಡ್ಡಿ ವ್ಯಾಪಾರ ಮಾಡಬಹುದಿತ್ತು.

ಊರಿನ ಇನ್ನೊಬ್ಬ ಎಲೆಕ್ಟ್ರಾನಿಕ್ಸ್ ರಿಪೇರಿಯವರು, "ಲೀಟರ್ ಯಾಕೆ, ಘನ ಮೀಟರ್‌ನಲ್ಲಿ ಇಡು, ಪಲ್ಸಿಗೆ 0.001 ಕೂಡಿಸು, ಅಂಕಿ ಸಣ್ಣದಾಗುತ್ತದೆ" ಅಂದಿದ್ದರು. ಅದನ್ನೂ ಲ್ಯಾಪ್‌ಟಾಪ್‌ನಲ್ಲಿ ಓಡಿಸಿದೆ. ಇದು ನಿಲ್ಲುವ ಮೀಟರ್‌ಗಿಂತ ಅಪಾಯ. ಎರಡರ ಲೆಕ್ಕದಲ್ಲಿ 0.001 ಸರಿಯಾಗಿ ಬರೆಯಲು ಬರುವುದೇ ಇಲ್ಲ, ಅದು ಒಂದು ಕಡೆ ಇರಲಿ. ಖಾತೆ 512 ದಾಟಿದ ಮೇಲೆ ಪ್ರತಿ ಪಲ್ಸಿಗೆ 0.000977 ಮಾತ್ರ ಏರುತ್ತದೆ, ನೂರಕ್ಕೆ ಎರಡಕ್ಕಿಂತ ಸ್ವಲ್ಪ ಜಾಸ್ತಿ ನೀರು ಮಾಯ. 16384 ದಾಟಿದ ಮೇಲೆ ಉಲ್ಟಾ. ಅಲ್ಲಿ ಒಂದು ಮೆಟ್ಟಿಲು 0.00195, ನಮ್ಮ 0.001 ಅರ್ಧಕ್ಕಿಂತ ಕೂದಲೆಳೆ ಜಾಸ್ತಿ, ಹಾಗಾಗಿ ಪೂರಾ ಮೆಟ್ಟಿಲು ಹತ್ತಿಬಿಡುತ್ತದೆ. ಮೀಟರ್ ಹೆಚ್ಚುಕಡಿಮೆ ಎರಡು ಪಟ್ಟು ಓಡುತ್ತದೆ. 32768ಕ್ಕೆ ಬಂದು ಸತ್ತು ಬೀಳುತ್ತದೆ. ಮೊದಲು ಕಳ್ಳ, ಆಮೇಲೆ ದರೋಡೆಕೋರ, ಕೊನೆಗೆ ಹೆಣ. ನನ್ನದು ಬರೀ ನಿಂತಿತು, ಪುಣ್ಯ.

ಗೆಳೆಯ ನಕ್ಕು ತಳ್ಳಿಹಾಕಿದ ಕೆಲಸ ಇನ್ನೂ ಬಾಕಿ ಇತ್ತು. ಕಳೆದ ದಿನಗಳ ನಿಜವಾದ ಲೆಕ್ಕ ತೆಗೆದು ಐದು ಮನೆಯವರ ಮುಂದೆ ಇಡಬೇಕು. ನನ್ನ ಅದೃಷ್ಟ, ಮೊದಲ ಬೋರ್ಡನ್ನು ಎಸೆದಿರಲಿಲ್ಲ. ದಿನದ ಕೊನೆಗೆ ಕರೆಂಟ್ ಹೋಗುವಾಗ ಆರೂ ಖಾತೆಯನ್ನು ಕರೆಂಟ್ ಇಲ್ಲದಿದ್ದರೂ ಅಳಿಯದ ಮೆಮರಿಗೆ, ಇಇಪ್ರೋಮ್‌ಗೆ ಬರೆಯುವಂತೆ ಮಾಡಿದ್ದೆ. ಒಂದೇ ಜಾಗದಲ್ಲಿ ಬರೆದರೆ ಅದು ಸವೆಯುತ್ತದೆ, ಒಂದು ಲಕ್ಷ ಸಲ ಅಂತ ಡೇಟಾಶೀಟ್ ಮಾತು. ಅದಕ್ಕೆ ಜಾಗ ಬದಲಿಸುತ್ತಾ ಸುತ್ತು ಹೊಡೆಯುತ್ತಿದ್ದೆ. ಆರು ಫ್ಲೋಟಿಗೆ 24 ಬೈಟ್, ಇರುವುದು 1024 ಬೈಟ್. 42 ದಿನದ ಚರಿತ್ರೆ ಒಳಗೆ ಕೂತಿತ್ತು. ಒಂದು ಬೈಟ್ ಬರೆಯಲು ಮೂರೂವರೆ ಮಿಲಿಸೆಕೆಂಡ್ ಹತ್ತಿರ ಬೇಕು. ಕರೆಂಟ್ ಹೋದ ಮೇಲೆ ಅಷ್ಟು ಹೊತ್ತು ಜೀವ ಹೇಗೆ ಹಿಡಿಸುತ್ತೇನೆ, ಹೋಗುವ ಗಳಿಗೆ ಹೇಗೆ ತಿಳಿಯುತ್ತದೆ ಅಂತ ಕೇಳಬೇಡಿ. ಅದು ನನ್ನ ಹೊಟ್ಟೆಪಾಡು.

ಪ್ರೋಗ್ರಾಮರ್ ಹಚ್ಚಿ ಇಇಪ್ರೋಮ್ ಹೊರಗೆಳೆದೆ. ಸಾವಿರದ ಇಪ್ಪತ್ತನಾಲ್ಕು ಅಂಕಿ, ಸಾಲಿಗೆ 24ರಂತೆ ಪ್ರಿಂಟ್ ತೆಗೆದು ಮೇಜಿನ ಮೇಲೆ ಹರಡಿದೆ. ಮೊದಲ ನೋಟಕ್ಕೆ ಇರುವೆ ಸಾಲು. ಆಮೇಲೆ ಕಣ್ಣಿಗೆ ಹತ್ತಿತು. ಪ್ರತಿ ನಾಲ್ಕನೇ ಕಾಲಂ ಉದ್ದಕ್ಕೂ 74, 74, 74, ಸಣ್ಣ ಹೊಲದವರದು ಕೆಲವು ಕಡೆ 73, ಕೊನೆಯ ಒಟ್ಟು ಖಾತೆಯದು 75. ಖಾತೆಯ ಅಂಕಿ ಎಷ್ಟೇ ಕುಣಿದರೂ ಆ ಬೈಟ್ ಅಷ್ಟು ಸುಲಭಕ್ಕೆ ಬದಲಾಗುವುದಿಲ್ಲ, ಅಲ್ಲಿ ಘಾತ ಇದೆ. ಈ ಕಂಬಗಳನ್ನು ಹಿಡಿದುಕೊಂಡರೆ ಹೀಗೆ ಹೊರಗೆಳೆದ ಯಾವ ಡಂಪ್‌ನಲ್ಲಾದರೂ ಫ್ಲೋಟ್ ಎಲ್ಲಿ ಶುರು ಅಂತ ಹುಡುಕಬಹುದು.

ಒಂದು ಬಿಡಿಸಿ ತೋರಿಸುತ್ತೇನೆ. ಕಾಕಾರ ಖಾತೆ, ಒಂದು ದಿನದ್ದು: 188 74 80 74. ಕೊನೆಯ 74ನ್ನು ಎರಡರಿಂದ ಗುಣಿಸಿದರೆ 148. ಅದರ ಪಕ್ಕದ 80, 128ಕ್ಕಿಂತ ಕಡಿಮೆ. 128 ಅಥವಾ ಜಾಸ್ತಿ ಇದ್ದರೆ ಘಾತಕ್ಕೆ ಒಂದು ಕೂಡಿಸಿ ಇದರಿಂದ 128 ಕಳೆಯಬೇಕಿತ್ತು, ಈಗ ಬೇಡ. ಘಾತ 148. ಕಾಣದ ಒಂದನ್ನು ವಾಪಸ್ ಹಾಕಲು 80ಕ್ಕೆ 128 ಕೂಡಿಸಿದರೆ 208. ಈಗ 208ನ್ನು 65536ರಿಂದ, 74ನ್ನು 256ರಿಂದ ಗುಣಿಸಿ, 188 ಕೂಡಿಸಿ: 13650620. ಘಾತ 150 (127 ಮತ್ತು 23 ಸೇರಿ) ಇದ್ದರೆ ಇದೇ ಉತ್ತರ. 148 ಅಂದರೆ ಎರಡು ಮೆಟ್ಟಿಲು ಕೆಳಗೆ, ನಾಲ್ಕರಿಂದ ಭಾಗಿಸಬೇಕು. 34,12,655 ಲೀಟರ್. ಪೆನ್ನು ಕಾಗದದಲ್ಲಿ ಒಂದಕ್ಕೆ ಮೂರು ನಿಮಿಷ. ಮೊದಲ ಹತ್ತು ಕೈಯಿಂದ ಬಿಡಿಸಿದೆ, ಉಳಿದದ್ದಕ್ಕೆ ಪ್ರೋಗ್ರಾಮ್ ಬರೆದೆ. ಕೈಯಿಂದ ಬಿಡಿಸಿದ್ದೇ ಮುಂದೆ ಕೆಲಸಕ್ಕೆ ಬಂತು.

ಯಾಕೆಂದರೆ ಕಾಕಾ ಪ್ರೋಗ್ರಾಮ್ ನಂಬುವ ಮನುಷ್ಯ ಅಲ್ಲ. ಹಾಳೆ ಹಿಡಿದು ಅವರ ಪಡಸಾಲೆಗೆ ಹೋದೆ. ಒಟ್ಟು ಖಾತೆಯ ಕಾಲಂ ಮೇಲೆ ಬೆರಳಿಟ್ಟು ತೋರಿಸಿದೆ. ದಿನಾ ಅಂಕಿ ಬದಲಾಗುತ್ತಾ ಬಂದದ್ದು, ಫೆಬ್ರುವರಿ ಮೊದಲ ವಾರದಿಂದ 0 0 128 75, 0 0 128 75, ಹಾಳೆಯ ತುದಿವರೆಗೆ. ಮೊಮ್ಮಗಳು ಪಿಯುಸಿ ಓದುತ್ತಾಳೆ, ಕ್ಯಾಲ್ಕ್ಯುಲೇಟರ್ ತಂದು ಕೂತಳು. ನಾನು ಹೇಳಿದಂತೆ ಗುಣಿಸಿ, ಅಜ್ಜನ ಖಾತೆ ತಾನೇ ಬಿಡಿಸಿದಳು. ಮನೆಗಳ ಖಾತೆ ಒಂದೂ ಒಂದು ಕೋಟಿ ಅರವತ್ತೇಳು ಲಕ್ಷದ ಹತ್ತಿರ ಹೋಗಿರಲಿಲ್ಲ, ಹಾಗಾಗಿ ಅವು ಲೀಟರ್ ಸಹಿತ ಸರಿ. ಐದನ್ನೂ ಕೂಡಿಸಿದರೆ ನಿಜವಾದ ಒಟ್ಟು. ಅದರಿಂದ ಭಾಗಿಸಿದಾಗ ಬಿಲ್ಲು ಹದಿನೆಂಟು ಸಾವಿರಕ್ಕೆ ಬಂದು ಕೂತಿತು. ಕಾಕಾ ಅವತ್ತು ಚಾ ಕೊಟ್ಟರು. ಗೆಳೆಯನಿಗೆ ಹಾಳೆಯ ಫೋಟೊ ಕಳಿಸಿದೆ, ಹೆಬ್ಬೆರಳಿನ ಚಿತ್ರ ಒಂದು ಬಂತು, ಅಷ್ಟೇ. ಇರಲಿ.

ಫ್ಲೋಟಿನಲ್ಲೇ ಉಳಿದು ಗೆಲ್ಲಬೇಕು ಅಂತ ಇನ್ನೊಂದು ವಾರ ಕಳೆದೆ, ಬರೀ ಹಟಕ್ಕೆ. ಕಹಾನ್ ವಿಧಾನ ನಿಮಗೆ ಗೊತ್ತಿರಬಹುದು, ಕೂಡುವಾಗ ಉದುರಿದ ಚೂರನ್ನು ಇನ್ನೊಂದು ಫ್ಲೋಟಿನಲ್ಲಿ ಎತ್ತಿಟ್ಟು ಮುಂದಿನ ಸಲ ಸೇರಿಸುವುದು. 1985ರಲ್ಲಿ ಬಂದ, ಫ್ಲೋಟಿನ ಬಿಟ್ ಹೇಗೆ ಕೂರಬೇಕು ಅಂತ ಹೇಳುವ ಐಇಇಇ 754 ನಿಯಮದ ಹಿಂದಿದ್ದ ವಿಲಿಯಂ ಕಹಾನ್ ಅವರೇ ಇವರು. ಇವರಿಗೆ ಕಂಪ್ಯೂಟರ್ ಲೋಕದ ದೊಡ್ಡ ಪ್ರಶಸ್ತಿ ಟ್ಯೂರಿಂಗ್ ಬಂದದ್ದೂ ನಮ್ಮ ಬ್ಯಾರೇಜ್ ಎದ್ದ 1989ರಲ್ಲೇ. ವಿಧಾನ ಕೆಲಸ ಮಾಡಿತು. ಎಲ್‌ಸಿಡಿಯಲ್ಲಿ ಲೀಟರ್ ಎರಡೆರಡು ಜಿಗಿಯುತ್ತದೆ, ಆದರೆ ಕಳೆಯುವುದಿಲ್ಲ. ಲ್ಯಾಪ್‌ಟಾಪ್‌ನಲ್ಲಿ ಲೆಕ್ಕ ವೇಗ ಮಾಡುವ ಫಾಸ್ಟ್ ಮ್ಯಾತ್ ಆಯ್ಕೆ ಕೊಟ್ಟು ನೋಡಿದರೆ ಕಂಪೈಲರ್ ಆ ಚೂರಿನ ಲೆಕ್ಕವನ್ನು ದಂಡದ್ದು ಅಂತ ಅಳಿಸಿಹಾಕಿ ಮತ್ತೆ 16777216ಕ್ಕೇ ತಂದು ನಿಲ್ಲಿಸಿತು. ಖಾತೆಗೆ ಎಂಟು ಬೈಟ್ ಕೊಡುವುದಾದರೆ ಇಷ್ಟು ಸರ್ಕಸ್ ಯಾಕೆ ಅನ್ನಿಸಿತು, ಬಿಟ್ಟೆ.

ಇದೇ ವಾರ 0.1ನ್ನು ಹತ್ತು ಸಲ ಕೂಡಿಸಿ ಬೈಟ್ ನೋಡಿದೆ. 1.0 ಅಂದರೆ 0 0 128 63. ನನಗೆ ಬಂದದ್ದು 1 0 128 63. ಮೊದಲ ಬೈಟಿನಲ್ಲಿ ಒಂದೇ ಒಂದು ಹರಳು ಜಾಸ್ತಿ. ಸಮವೇ ಅಂತ ಕೇಳಿದರೆ ಇಲ್ಲ ಅನ್ನುವುದು ಈ ಹರಳಿನ ಸಲುವಾಗಿ.

ಕೊನೆಗೆ ಖಾತೆಗಳನ್ನೆಲ್ಲ 32 ಬಿಟ್ ಅನ್‌ಸೈನ್ಡ್ ಪೂರ್ಣಾಂಕ, ಅಂದರೆ ಬಿಂದುವೂ ಋಣ ಚಿಹ್ನೆಯೂ ಇಲ್ಲದ ಅಂಕಿ, ಮಾಡಿದೆ. ಅದೇ ನಾಲ್ಕು ಬೈಟ್, 429 ಕೋಟಿ ಲೀಟರ್‌ವರೆಗೆ ಹೋಗುತ್ತದೆ. ಈ ಪಂಪಿಗೆ ನಲವತ್ತಾರು ವರ್ಷ. ಇದು ಗೊತ್ತಿದ್ದ ಮಾತೇ ಅನ್ನುತ್ತೀರಿ, ನಿಜ. ಆದರೆ ಅದರಲ್ಲೂ ಎರಡು ಸಲ ಎಡವಿದೆ. ಬಿಲ್ಲನ್ನು ಪೈಸೆಯಲ್ಲಿ ತೆಗೆಯಲು ಮೊದಲು ಗುಣಿಸಿ ಆಮೇಲೆ ಭಾಗಿಸಿದೆ. ಹದಿನೆಂಟು ಲಕ್ಷ ಪೈಸೆ ಗುಣಿಸು ಹದಿನೈದು ಲಕ್ಷ ಲೀಟರ್, ಅದು 2.7 ಲಕ್ಷ ಕೋಟಿ! 32 ಬಿಟ್ ತುಂಬಿ ಚೆಲ್ಲಿತು, ಒಬ್ಬರ ಬಿಲ್ಲು ಎರಡು ರೂಪಾಯಿ ಚಿಲ್ಲರೆ ಬಂತು. ಅವರು ದೂರು ಕೊಡಲಿಲ್ಲ. ಆ ಒಂದು ಗುಣಾಕಾರಕ್ಕೆ ಎಂಟು ಬೈಟಿನ ಲಾಂಗ್ ಲಾಂಗ್ ಹಾಕಿದೆ. ಎರಡನೆಯದು, ಆಗೊಮ್ಮೆ ಈಗೊಮ್ಮೆ ಎಲ್‌ಸಿಡಿಯಲ್ಲಿ 256 ಲೀಟರ್ ಹೆಚ್ಚುಕಮ್ಮಿ ಮಿಂಚಿ ಹೋಗುತ್ತಿತ್ತು. ಎಂಟು ಬಿಟ್ಟಿನ ಚಿಪ್ ನಾಲ್ಕು ಬೈಟನ್ನು ಒಂದೊಂದಾಗಿ ಓದುವಾಗ ನಡುವೆ ಇಂಟರಪ್ಟ್ ನುಗ್ಗುತ್ತದೆ. ಓದುವಷ್ಟು ಹೊತ್ತು ಇಂಟರಪ್ಟ್ ಮುಚ್ಚಿದರೆ ಮುಗಿಯಿತು. ಫ್ಲೋಟ್ ಈಗ ನೀರಿನ ವೇಗ ತೋರಿಸಲು ಮಾತ್ರ.

ಈ ಗಲಾಟೆಯಲ್ಲಿ ಕೇಬಲ್, ಬೋರ್ಡು, ಪೆಟ್ರೋಲ್ ಸೇರಿ ಆರು ಸಾವಿರ ನೀರಿಗೆ ಹೋಯಿತು. ಮುಧೋಳ ಕಡೆಯ ಒಬ್ಬರು ಕೊಟ್ಟಿದ್ದ ನಾಲ್ಕು ಸಾವಿರ ಅಡ್ವಾನ್ಸ್ ವಾಪಸ್ ತೆಗೆದುಕೊಂಡರು. ಆಮೇಲೆ ಕಾಕಾರ ಪಡಸಾಲೆಯ ಸುದ್ದಿ ಕೇಳಿ ಅವರೇ ಮತ್ತೆ ಬಂದರು. ಈಗ ಹನ್ನೊಂದು ಪೆಟ್ಟಿಗೆ ಓಡುತ್ತಿವೆ. ಒಂದಕ್ಕೆ ಆರೂವರೆ ಸಾವಿರ ತೆಗೆದುಕೊಳ್ಳುತ್ತೇನೆ, ಮೀಟರ್ ಬೇರೆ.

ಪೂರ್ಣಾಂಕದ ಮೊದಲ ಪೆಟ್ಟಿಗೆಯನ್ನು ಕಾಕಾರ ಪಂಪ್ ಮನೆಗೇ ಹಚ್ಚಿದೆ. ಹೊಸ ಚಿಪ್, ಖಾಲಿ ಇಇಪ್ರೋಮ್. ಖಾಲಿ ಅಂದರೆ ಎಲ್ಲ ಬೈಟೂ 255. ಹಳೆಯ ಫ್ಲೋಟ್ ಪ್ರೋಗ್ರಾಮ್ ಆಗಿದ್ದರೆ 255 255 255 255 ನೋಡಿ 'ನ್ಯಾನ್' ಅನ್ನುತ್ತಿತ್ತು, ಇದು ಅಂಕಿಯೇ ಅಲ್ಲ ಅಂತ ಮರ್ಯಾದೆಯಿಂದ ಒಪ್ಪಿಕೊಳ್ಳುತ್ತಿತ್ತು. ಪೂರ್ಣಾಂಕಕ್ಕೆ ಆ ನಾಚಿಕೆ ಇಲ್ಲ. ಸ್ವಿಚ್ ಹಾಕಿದ ಕೂಡಲೇ 4294967295 ಲೀಟರ್ ತೋರಿಸಿತು. ಪಂಪ್ ಇನ್ನೂ ಚಾಲೂ ಆಗಿರಲಿಲ್ಲ.

ಕಾಕಾ ಕನ್ನಡಕ ಸರಿಮಾಡಿಕೊಂಡು ಒಂದೊಂದೇ ಅಂಕಿ ಓದಿದರು. "ತಮ್ಮಾ, ಇದ ಬರೂ ಮುಂದ ದಾರ್ಯಾಗ ಹೊಳಿಗಿ ಬಿದ್ದಿತ್ತೇನೋ?"